ಸಾಗುವಳಿ ಒಬ್ಬರದು, ಸಹಾಯಧನ ಇನ್ನೊಬ್ಬರಿಗೆ

ಹೆಬ್ಬಾಳದ ಮೇಲ್ಸೇತುವೆ ಇಳಿದು ವಿಮಾನ ನಿಲ್ದಾಣದ ರಸ್ತೆಯಲ್ಲೇ ನೆಟ್ಟಗೆ ಹೋಗುವವರಿಗೆ ಬೆಂಗಳೂರು ಉತ್ತರದಲ್ಲಿ ಬೇಸಾಯ ಇನ್ನೂ ಉಳಿದಿದೆ ಎಂದರೆ ನಂಬುವುದು ಕಷ್ಟ. ನೋಡಬೇಕೆಂದರೆ ಯಲಹಂಕದಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ರಸ್ತೆ ಹಿಡಿಯಬೇಕು. ಸಿಂಗನಾಯಕನಹಳ್ಳಿ, ರಾಜಾನುಕುಂಟೆಯ ಆಸುಪಾಸಿನಲ್ಲಿ, ಹೆಸರಘಟ್ಟದ ಕಡೆಯ ಒಳದಾರಿಗಳಲ್ಲಿ, ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ತಾಗಿಕೊಂಡೇ ರಾಗಿ ಹೊಲ ಸಿಗುತ್ತದೆ. ಮಳೆ ಚೆನ್ನಾಗಿ ಹಿಡಿದ ವರ್ಷ ಆಗಸ್ಟ್‌ನಲ್ಲಿ ಹೋದರೆ ಪೈರಿನ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲುಗಳೂ ಕಾಣುತ್ತವೆ. ಪಕ್ಕದ ನೆಲ ಕೋಟಿಗಳ ಲೆಕ್ಕದಲ್ಲಿ ಕೈ ಬದಲಾಗುತ್ತಿರುವಾಗ, ಎಕರೆಗೆ ಹತ್ತು ಕ್ವಿಂಟಲ್ ರಾಗಿ ಬಂದರೆ ಸಾಕು ಎಂದು ಕೂರಿಗೆ ಹೂಡುವವರು ಇಲ್ಲಿ ಇನ್ನೂ ಇದ್ದಾರೆ.

ಇಂಥ ಹೊಲಕ್ಕೂ ಸರ್ಕಾರದ ಹಣ ಬರುತ್ತದೆ. ಪಿಎಂ ಕಿಸಾನ್ ಯೋಜನೆಯ ನಿಯಮದಲ್ಲಿ ನಗರದ ಜಮೀನು, ಹಳ್ಳಿಯ ಜಮೀನು ಎಂಬ ಭೇದವಿಲ್ಲ. ನಗರದ ಒಳಗಿದ್ದರೂ ಅಲ್ಲಿ ನಿಜವಾಗಿ ಸಾಗುವಳಿ ನಡೆಯುತ್ತಿರಬೇಕು ಎಂಬುದಷ್ಟೇ ಷರತ್ತು. ಹಾಗಾಗಿ 2007ರಲ್ಲಿ ಯಲಹಂಕ ನಗರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿದ ಮಾತ್ರಕ್ಕೆ ಅಲ್ಲಿನ ರೈತ ರೈತನಲ್ಲದೆ ಹೋಗಲಿಲ್ಲ. ಪ್ರಶ್ನೆ ಇರುವುದು ಬೇರೆ ಕಡೆ. ಸಾಗುವಳಿ ನಡೆಯುತ್ತಿರಬೇಕು ಎನ್ನುವ ನಿಯಮ, ಹಣ ಕೊಡುವಾಗ ನೋಡುವುದು ಸಾಗುವಳಿ ಮಾಡುವವನ ಹೆಸರನ್ನಲ್ಲ, ಜಮೀನಿನ ಒಡೆಯನ ಹೆಸರನ್ನು. ಒಡೆಯನೂ ಉಳುವವನೂ ಒಬ್ಬನೇ ಆಗಿರುವ ಊರಿನಲ್ಲಿ ಇದರಿಂದ ತೊಂದರೆಯಿಲ್ಲ. ಯಲಹಂಕ, ಹೆಸರಘಟ್ಟ, ಜಾಲ ಹೋಬಳಿಗಳಲ್ಲಿ ಆ ಇಬ್ಬರೂ ಬೇರೆ ಬೇರೆಯಾಗುತ್ತಾ ಬಂದು ಎಷ್ಟೋ ವರ್ಷಗಳಾದವು.

ಈ ಭಾಗಕ್ಕೆ ಸರ್ಕಾರದ ಕೃಷಿ ನೆರವು ಹೊಸದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಅದು ಶುರುವಾದದ್ದೇ ಇಲ್ಲಿಂದ. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. ರಸಾಯನ ವಿಜ್ಞಾನಿ ಅಡಾಲ್ಫ್ ಲೆಹ್ಮನ್ ಅಲ್ಲಿ ಮಣ್ಣು, ಗೊಬ್ಬರಗಳ ಪರೀಕ್ಷೆ ನಡೆಸಿದರು. ಅವರ ನಂತರ ಲೆಸ್ಲಿ ಕೋಲ್ಮನ್ ಕೃಷಿ ಇಲಾಖೆಯನ್ನು ಕಟ್ಟಿ ನಿಲ್ಲಿಸಿದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಬಂತು, 1946ರಲ್ಲಿ ಅದು ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿ ಮುಂದೆ ಜಿಕೆವಿಕೆ ಆವರಣಕ್ಕೆ ಹಬ್ಬಿತು. ಹೆಸರಘಟ್ಟದಲ್ಲಿ 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂತು. ಇವರೆಲ್ಲ ರೈತರಿಗೆ ಕೊಟ್ಟದ್ದು ಬೀಜ, ತಳಿ, ತಿಳಿವಳಿಕೆ. ಬೆಂಕಿರೋಗ ತಡೆದುಕೊಳ್ಳುವ ಜಿಪಿಯು 28 ರಾಗಿ ತಳಿ ಬಂದಾಗ ಅದನ್ನು ಬಿತ್ತಿದವನಿಗೆ ಲಾಭವಾಯಿತು. ಆ ಹೊಲ ಯಾರ ಹೆಸರಿನಲ್ಲಿದೆ ಎಂದು ಬೀಜ ಕೇಳಲಿಲ್ಲ.

ನಗದು ನೆರವು ಬಂದದ್ದು ತೀರ ಈಚೆಗೆ. ಪಿಎಂ ಕಿಸಾನ್ 2019ರ ಫೆಬ್ರುವರಿ 24ರಂದು ಗೋರಖಪುರದಲ್ಲಿ ಶುರುವಾಯಿತು. 2018ರ ಡಿಸೆಂಬರ್ 1ರಿಂದಲೇ ಅನ್ವಯವಾಗುವಂತೆ ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2,000ದ ಕಂತು. ಮೊದಲು ಎರಡು ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗಷ್ಟೇ ಇತ್ತು, 2019ರ ಜೂನ್‌ನಿಂದ ಜಮೀನಿನ ಮಿತಿ ತೆಗೆದರು. ಅದೇ ವರ್ಷ ಜುಲೈ 26ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದ ದಿನವೇ ಬಿ.ಎಸ್. ಯಡಿಯೂರಪ್ಪನವರು ರಾಜ್ಯದ ಕಡೆಯಿಂದ ಇನ್ನೂ 4,000 ರೂಪಾಯಿ ಸೇರಿಸುವುದಾಗಿ ಘೋಷಿಸಿದರು. ಹೀಗೆ ಕರ್ನಾಟಕದ ರೈತ ಕುಟುಂಬಕ್ಕೆ ವರ್ಷಕ್ಕೆ 10,000 ಬರತೊಡಗಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ರಾಜ್ಯದ ಪಾಲು ನಿಂತುಹೋಯಿತು. ಕೇಂದ್ರದ 6,000 ಮಾತ್ರ ಉಳಿದಿದೆ. 2025ರ ನವೆಂಬರ್ 19ರಂದು ಕೊಯಮತ್ತೂರಿನಲ್ಲಿ 21ನೇ ಕಂತು ಬಿಡುಗಡೆಯಾದಾಗಲೂ ಮೊತ್ತ ಅದೇ 2,000.

ಅಷ್ಟರಲ್ಲಿ ಏನು ಬರುತ್ತದೆ? ಒಂದು ಮೂಟೆ ಡಿಎಪಿ ಗೊಬ್ಬರಕ್ಕೆ 1,350 ರೂಪಾಯಿ, 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. ಒಂದು ಡಿಎಪಿ, ಎರಡು ಯೂರಿಯಾ ಕೊಂಡರೆ 1,883 ರೂಪಾಯಿ. ಮಿಕ್ಕದ್ದು ಆಟೊ ಬಾಡಿಗೆಗೂ ಸಾಲದು. ಆದರೂ ಬಿತ್ತನೆಯ ಹೊತ್ತಿಗೆ ಸರಿಯಾಗಿ ಕೈಗೆ ಸಿಕ್ಕರೆ ಸಾಲಕ್ಕೆ ಓಡುವುದು ತಪ್ಪುತ್ತದೆ. ಎರಡು ಎಕರೆಯ ಬೇಸಾಯಗಾರನಿಗೆ ಅದು ಸಣ್ಣ ಮಾತಲ್ಲ.

ಈ ಹಣ ಯಾರಿಗೆ ಇಲ್ಲ ಎಂಬುದು ಯಲಹಂಕದಂಥ ಕಡೆ ಮನೆ ಮನೆಯ ಚರ್ಚೆ. ಇಲ್ಲಿನ ಒಕ್ಕಲು ಮನೆತನಗಳಲ್ಲಿ ಒಬ್ಬನಾದರೂ ರೈಲು ಗಾಲಿ ಕಾರ್ಖಾನೆಗೋ, ಜಾಲಹಳ್ಳಿಯ ಬಿಇಎಲ್‌ಗೋ, ಎಚ್‌ಎಂಟಿಗೋ ಸೇರಿದವನು ಸಿಗುತ್ತಾನೆ. ಸರ್ಕಾರಿ ಮತ್ತು ಸಾರ್ವಜನಿಕ ಉದ್ದಿಮೆಗಳ ನೌಕರರು, ನಿವೃತ್ತರು, ತಿಂಗಳಿಗೆ 10,000 ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಪಡೆಯುವವರು, ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು, ವೃತ್ತಿನಿರತ ವೈದ್ಯ, ವಕೀಲ, ಎಂಜಿನಿಯರುಗಳು ಇದಕ್ಕೆ ಅರ್ಹರಲ್ಲ. ಡಿ ಗುಂಪಿನ ನೌಕರರಿಗೆ ವಿನಾಯಿತಿ ಇದೆ. ಕುಟುಂಬ ಎಂದರೆ ಗಂಡ, ಹೆಂಡತಿ, ಪ್ರಾಪ್ತ ವಯಸ್ಸಿಗೆ ಬಾರದ ಮಕ್ಕಳು. ಅಣ್ಣ ಕಾರ್ಖಾನೆಯಲ್ಲಿದ್ದಾನೆ ಎಂದು ಊರಲ್ಲಿ ಉಳುಮೆ ಮಾಡುವ ತಮ್ಮನ ಹಕ್ಕು ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದವರೂ ಇದ್ದಾರೆ. ಇನ್ನೊಂದು ಕಟ್ಟುನಿಟ್ಟು ಎಂದರೆ 2019ರ ಫೆಬ್ರುವರಿ 1ರ ಹೊತ್ತಿಗೆ ಜಮೀನು ಹೆಸರಿನಲ್ಲಿರಬೇಕು. ಆಮೇಲೆ ಕೊಂಡವರಿಗೆ ಹಣವಿಲ್ಲ, ವಾರಸಿಕೆಯಿಂದ ಬಂದಿದ್ದರೆ ಮಾತ್ರ ಉಂಟು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ಮಾಡಿದ ರಾಜ್ಯದಲ್ಲಿ ಈ ಕಟ್ಟುನಿಟ್ಟು ಒಳ್ಳೆಯದನ್ನೇ ಮಾಡಿದೆ.

ಅನರ್ಹರು ಸೇರಿಕೊಂಡದ್ದು ದೊಡ್ಡ ಸುದ್ದಿಯಾಗಿತ್ತು. ದೇಶದಾದ್ಯಂತ 42 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ ಸುಮಾರು 3,000 ಕೋಟಿ ರೂಪಾಯಿ ಹೋಗಿದೆ ಎಂದು 2021ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವರೇ ಸಂಸತ್ತಿಗೆ ತಿಳಿಸಿದರು. ಆಮೇಲೆ ಇ-ಕೆವೈಸಿ ಬಂತು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡ್ಡಾಯವಾಯಿತು, ಜಮೀನಿನ ದಾಖಲೆಯನ್ನೂ ಜೋಡಿಸಬೇಕಾಯಿತು. ಜರಡಿ ಸಣ್ಣದಾದಾಗ ಹೊಟ್ಟಿನ ಜೊತೆ ಕಾಳೂ ಹೋಯಿತು.

ಕಾಳು ಹೇಗೆ ಹೋಗುತ್ತದೆ ಎಂಬುದು ತಿಳಿಯಬೇಕಾದರೆ ಜೂನ್ ತಿಂಗಳಲ್ಲಿ ಯಾವುದಾದರೂ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಒಳಗೆ ರಿಯಾಯಿತಿ ದರದ ರಾಗಿ, ತೊಗರಿ ಬೀಜದ ಚೀಲಗಳು, ಒಂದು ಮೂಲೆಯಲ್ಲಿ ಟಾರ್ಪಾಲು, ಇನ್ನೊಂದು ಮೂಲೆಯಲ್ಲಿ ತುಂತುರು ನೀರಾವರಿಯ ಪೈಪುಗಳು. ಮೇಜಿನ ಮುಂದೆ ನಿಂತವರಿಗೆ ಮೊದಲ ಪ್ರಶ್ನೆ: ‘ಎಫ್‌ಐಡಿ ಇದೆಯೇನಣ್ಣ?’ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೆ ಕೊಡುವ ಗುರುತಿನ ಸಂಖ್ಯೆ ಅದು. ಆಧಾರ್, ಬ್ಯಾಂಕ್ ಖಾತೆ, ಜಾತಿ ವಿವರ, ಭೂಮಿ ತಂತ್ರಾಂಶದ ಪಹಣಿ ಇವೆಲ್ಲ ಆ ಒಂದು ಸಂಖ್ಯೆಗೆ ಗಂಟು ಬಿದ್ದಿರುತ್ತವೆ. ಬೀಜಕ್ಕೂ ಅದೇ ಬೇಕು. ಹನಿ ನೀರಾವರಿಯ ಸಹಾಯಧನ, ಬೆಳೆ ವಿಮೆ, ಬೆಳೆ ನಷ್ಟ ಪರಿಹಾರ, ಬೆಂಬಲ ಬೆಲೆಗೆ ರಾಗಿ ಮಾರುವುದು, ಎಲ್ಲಕ್ಕೂ ಅದೇ ಬೀಗದ ಕೈ. ಸರದಿಯಲ್ಲಿ ಒಬ್ಬರ ಪಹಣಿಯಲ್ಲಿ ತೀರಿಹೋದ ಅಪ್ಪನ ಹೆಸರು. ಇನ್ನೊಬ್ಬರ ಪಹಣಿಯಲ್ಲಿ ಐದು ಜನರ ಜಂಟಿ ಖಾತೆ, ಯಾರಿಗೆ ಎಷ್ಟು ಗುಂಟೆ ಎಂದು ಬರೆದಿಲ್ಲ. ಮತ್ತೊಬ್ಬರ ಆಧಾರ್‌ನಲ್ಲಿ ಮುನಿಯಪ್ಪ, ಪಹಣಿಯಲ್ಲಿ ಮುನಿಶಾಮಪ್ಪ. ಮಗದೊಬ್ಬರ ಹೆಬ್ಬೆರಳಿನ ಗೆರೆ ಸವೆದು ಯಂತ್ರಕ್ಕೆ ಗುರುತು ಹತ್ತುತ್ತಿಲ್ಲ.

ಇವರೆಲ್ಲರ ತೊಡಕಿಗೆ ಕಾನೂನಿನಲ್ಲಿ ದಾರಿ ಇದೆ. ತೀರಿಹೋದವರ ಹೆಸರಿಂದ ವಾರಸುದಾರರಿಗೆ ಪೌತಿ ಖಾತೆ ಮಾಡಿಸಬಹುದು, ಜಂಟಿ ಖಾತೆಗೆ ವಿಭಾಗ ಪತ್ರ, ಪೋಡಿ ಇವೆ. ಪೌತಿ ಖಾತೆಗೆ ಬೇಕಾಗುವುದು ಮರಣ ಪ್ರಮಾಣಪತ್ರ, ವಂಶವೃಕ್ಷ, ನಾಡಕಚೇರಿಯಲ್ಲಿ ಒಂದು ಅರ್ಜಿ. ಹೀಗೆ ಬರೆದರೆ ಸುಲಭ. ನೆಲದ ಬೆಲೆ ಕೋಟಿ ಮುಟ್ಟಿದ ಊರಿನಲ್ಲಿ ವಂಶವೃಕ್ಷಕ್ಕೆ ಅಕ್ಕತಂಗಿಯರ ಹೆಸರು ಸೇರಿಸುವ ಹೊತ್ತಿಗೆ ಮನೆಯಲ್ಲಿ ಜಗಳ ಶುರುವಾಗುತ್ತದೆ. 6,000 ರೂಪಾಯಿಗೆ ಹೋಗಿ ಒಂದೂವರೆ ಎಕರೆಯ ಪಾಲಿನ ಪ್ರಶ್ನೆ ಎಬ್ಬಿಸುವುದು ಯಾಕೆ ಎಂದು ಅಣ್ಣಂದಿರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದ ಪಹಣಿಗಳು ರಾಜ್ಯದಲ್ಲಿ ಲಕ್ಷಾಂತರ ಇವೆ. ಬ್ಯಾಟರಾಯನಪುರದ ಶಾಸಕರೂ ಆಗಿರುವ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಪಹಣಿಗೆ ಆಧಾರ್ ಜೋಡಿಸುವ ಕೆಲಸ, ಅದರ ಬೆನ್ನಿಗೇ ಪೌತಿ ಖಾತೆ ಆಂದೋಲನ ನಡೆಸಿದ್ದು ಈ ಕಾರಣಕ್ಕೇ. ಗ್ರಾಮ ಆಡಳಿತ ಅಧಿಕಾರಿಗಳು ಮನೆ ಬಾಗಿಲಿಗೆ ಬಂದು ಅರ್ಜಿ ಬರೆಸಿಕೊಳ್ಳುವ ವ್ಯವಸ್ಥೆ ಎಲ್ಲಿ ನಿಜಕ್ಕೂ ನಡೆದಿದೆಯೋ ಅಲ್ಲಿ ಗುಣ ಕಂಡಿದೆ. ಹೆಣ್ಣುಮಕ್ಕಳ ಪಾಲನ್ನು ಮುಚ್ಚಿಡದೆ ಬರೆಸಿದ ಮನೆಯಲ್ಲಿ ಮುಂದಿನ ವ್ಯಾಜ್ಯವೂ ಕಡಿಮೆ.

ಆದರೆ ಪಹಣಿಯಲ್ಲಿ ಹೆಸರೇ ಬರಲಾಗದವರ ಗತಿ ಏನು?

ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಮತ್ತು ವಿಸ್ತೀರ್ಣ ಇರುತ್ತದೆ. 11ರಲ್ಲಿ ಸಾಲ, ತಕರಾರು, ಭೂಸ್ವಾಧೀನದಂಥ ಋಣ-ಹಕ್ಕುಗಳು. 12ನೆಯದು ಸಾಗುವಳಿದಾರನ ಹೆಸರಿಗೂ ಬೆಳೆಗೂ ಮೀಸಲು. ಸರ್ಕಾರದ ಹಣ ನಡೆಯುವುದು 9ನೇ ಕಾಲಂ ಹಿಡಿದು. 12ಕ್ಕೆ ಒಂದು ಕಾಲದಲ್ಲಿ ಇದ್ದ ಬೆಲೆಯನ್ನು ಹಳಬರು ಮರೆತಿಲ್ಲ. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿದಾರನಾಗಿದ್ದೆ ಎಂದು ತೋರಿಸಲು ಸಿಕ್ಕ ದೊಡ್ಡ ಪುರಾವೆ ಆ ಕಾಲಂನಲ್ಲಿದ್ದ ಹೆಸರು. ಅದನ್ನು ಹಿಡಿದು ಭೂನ್ಯಾಯ ಮಂಡಳಿಗೆ ಫಾರಂ 7 ಸಲ್ಲಿಸಿ ರಾಜ್ಯದಲ್ಲಿ ಲಕ್ಷಾಂತರ ಕುಟುಂಬಗಳು ಭೂಮಿಯ ಒಡೆಯರಾದವು. ಕರ್ನಾಟಕದ ಹಳ್ಳಿಗಳನ್ನು ಇದಕ್ಕಿಂತ ಹೆಚ್ಚು ಬದಲಿಸಿದ ಕಾನೂನು ಇನ್ನೊಂದಿಲ್ಲ.

ಆ ಕಾನೂನು ಗೇಣಿ ಪದ್ಧತಿಯನ್ನೇ ನಿಷೇಧಿಸಿತು. ಸೈನಿಕರು, ನಾವಿಕರಿಗಷ್ಟೇ ವಿನಾಯಿತಿ. ಅಂದಿನಿಂದ ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವುದು ಕಾಗದದ ಮೇಲೆ ಇಲ್ಲ. ನೆಲದ ಮೇಲೆ ಇದೆ. ಗುತ್ತಿಗೆ, ವಾರ, ಹೆಸರು ಏನೇ ಇರಲಿ, ಎಲ್ಲವೂ ಬಾಯಿಮಾತೇ. ಒಡೆಯ ರಶೀದಿ ಬರೆದುಕೊಡುವುದಿಲ್ಲ, 12ನೇ ಕಾಲಂನಲ್ಲಿ ಉಳುವವನ ಹೆಸರು ಬರಲು ಬಿಡುವುದಿಲ್ಲ. ಬರೆಸಿದರೆ ನಾಳೆ ಹಕ್ಕು ಕೇಳುತ್ತಾನೆ ಎಂಬ 1974ರ ಭಯ ಇನ್ನೂ ಹೋಗಿಲ್ಲ. ಎಕರೆಗೆ ಕೋಟಿ ಬೆಲೆ ಇರುವ ಕಡೆ ಆ ಭಯ ನೂರು ಪಟ್ಟು.

ಬೆಂಗಳೂರು ಉತ್ತರದಲ್ಲಿ ಹೀಗೆ ಬೇರೆಯವರ ನೆಲ ಉಳುವವರು ಯಾರು? ಸ್ವಂತ ಜಮೀನು ಬಡಾವಣೆಗೋ ಕೈಗಾರಿಕಾ ಪ್ರದೇಶಕ್ಕೋ ಹೋಗಿ, ಬೇಸಾಯ ಬಿಟ್ಟು ಬೇರೆ ಕಸುಬು ಕೈಗೆ ಹತ್ತದವರು. ಕಂಪನಿಯೊಂದು ಕೊಂಡು ಸುಮ್ಮನೆ ಬಿಟ್ಟ ನೆಲದಲ್ಲಿ ಕಾವಲು ಕಾದುಕೊಂಡು ಒಂದು ಬೆಳೆ ರಾಗಿ ತೆಗೆಯುವವರು. ಹೆಸರಘಟ್ಟದ ಕಡೆ ಕೊಳವೆ ಬಾವಿ ಇರುವ ತುಂಡು ಜಮೀನು ಹಿಡಿದು ಕೊತ್ತಂಬರಿ, ದಂಟು, ಮೆಂತ್ಯ ಬೆಳೆದು ಬೆಳಗಿನ ಜಾವಕ್ಕೆ ಪೇಟೆಗೆ ಸಾಗಿಸುವವರು. ನಗರ ತಿನ್ನುವ ಸೊಪ್ಪು ಇವರ ಕೈಯಿಂದ ಬರುತ್ತದೆ. ಇವರಿಗೆ ಪಿಎಂ ಕಿಸಾನ್ ಇಲ್ಲ, ಏಕೆಂದರೆ ಗೇಣಿದಾರರನ್ನು ಯೋಜನೆಯೇ ಹೊರಗಿಟ್ಟಿದೆ. ಸಹಕಾರ ಸಂಘದ 5 ಲಕ್ಷದವರೆಗಿನ ಬಡ್ಡಿಯಿಲ್ಲದ ಬೆಳೆ ಸಾಲವೂ ಇಲ್ಲ, ಏಕೆಂದರೆ ಪಹಣಿ ಇಲ್ಲ. ಹನಿ ನೀರಾವರಿಗೆ ಎರಡು ಹೆಕ್ಟೇರ್‌ವರೆಗೆ ರಾಜ್ಯ ಕೊಡುವ ಶೇ 90ರವರೆಗಿನ ಸಹಾಯಧನವೂ ಜಮೀನಿನ ಒಡೆಯನಿಗೇ.

ಅನ್ಯಾಯ ಅತಿ ಕಣ್ಣಿಗೆ ಹೊಡೆಯುವುದು ಮಳೆ ಕೈಕೊಟ್ಟ ವರ್ಷ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಲಾಯಿತು. ಕೇಂದ್ರದ ನೆರವು ತಡವಾಗಿ, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2024ರ ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500, ಹೆಚ್ಚೆಂದರೆ ಎರಡು ಹೆಕ್ಟೇರ್‌ಗೆ. ಅದೂ ಹೋದದ್ದು ಎಫ್‌ಐಡಿ ಇದ್ದವರ ಖಾತೆಗೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಹಾಕಿ ಪೈರು ಒಣಗಿದ್ದನ್ನು ನೋಡಿದವನು ಒಬ್ಬ, ‘ಬೆಳೆ ಪರಿಹಾರ ಜಮೆಯಾಗಿದೆ’ ಎಂಬ ಸಂದೇಶ ಹೋದದ್ದು ಆ ಹೊಲವನ್ನು ಎರಡು ವರ್ಷದಿಂದ ಕಾಣದವನ ಮೊಬೈಲಿಗೆ. ಒಡೆಯ ಧರ್ಮಿಷ್ಠನಾಗಿದ್ದರೆ ತಂದುಕೊಡುತ್ತಾನೆ. ಕೊಡುವವರೂ ಇದ್ದಾರೆ. ಆದರೆ ಬರಗಾಲದ ಪರಿಹಾರ ಒಡೆಯನ ಧರ್ಮಬುದ್ಧಿಯನ್ನು ನಂಬಿ ಕೂರಬಾರದು.

ಸ್ವಂತ ಪಹಣಿ ಇದ್ದೂ ಅತಂತ್ರವಾದವರ ಕಥೆ ಇನ್ನೊಂದಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2008ರ ಡಿಸೆಂಬರ್ 30ರಂದು ಡಾ. ಶಿವರಾಮ ಕಾರಂತ ಬಡಾವಣೆಗೆಂದು 17 ಹಳ್ಳಿಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಬ್ಯಾಲಕೆರೆ, ಗುಣಿ ಅಗ್ರಹಾರ, ಸೋಮಶೆಟ್ಟಿಹಳ್ಳಿ, ಮೇಡಿ ಅಗ್ರಹಾರ, ರಾಮಗೊಂಡನಹಳ್ಳಿ, ದೊಡ್ಡಬೆಟ್ಟಹಳ್ಳಿ, ಎಲ್ಲ ಯಲಹಂಕ, ಹೆಸರಘಟ್ಟ, ಯಶವಂತಪುರ ಕಡೆಯ ಊರುಗಳು. ಅಂತಿಮ ಅಧಿಸೂಚನೆ ಬಂದದ್ದು ಸುಪ್ರೀಂ ಕೋರ್ಟ್ ಆದೇಶದ ನಂತರ, 2018ರಲ್ಲಿ. ನಡುವೆ ಹತ್ತು ವರ್ಷ. ಸ್ವಾಧೀನದ ತೂಗುಗತ್ತಿ ತಲೆಯ ಮೇಲಿರುವ ಜಮೀನಿಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ನಾಳೆ ಬಿಟ್ಟುಕೊಡಬೇಕಾದ ನೆಲಕ್ಕೆ ಹನಿ ನೀರಾವರಿ ಹಾಕಿಸಲು ರೈತನೂ ಹಿಂಜರಿಯುತ್ತಾನೆ. ಅಂಥ ಹತ್ತು ವರ್ಷದಲ್ಲಿ ತೆಂಗು, ಸಪೋಟ, ದ್ರಾಕ್ಷಿ ತೋಟ ಮಾಡಬೇಕೆಂದಿದ್ದವನು ಮಾಡಲಿಲ್ಲ. ಕೈ ತಪ್ಪಿದ ಆ ಆದಾಯಕ್ಕೆ ಯಾವ ಇಲಾಖೆಯಲ್ಲೂ ಲೆಕ್ಕದ ತಲೆಬರಹವಿಲ್ಲ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿಗಳು 2025ರ ಜುಲೈ 15ರಂದು ಘೋಷಿಸಿದರು. ಬೇಸಾಯ ಉಳಿಸುವ ನಿರ್ಧಾರಗಳಲ್ಲಿ ಅದಕ್ಕಿಂತ ದೊಡ್ಡ ‘ಸಹಾಯ’ ಈ ಭಾಗಕ್ಕೆ ಈಚೆಗೆ ಸಿಕ್ಕಿಲ್ಲ.

ನೆಲದ ಹಂಗಿಲ್ಲದೆ ತಲುಪುವ ನೆರವೂ ಇದೆ, ಅದನ್ನು ಎತ್ತಿ ಹೇಳಲೇಬೇಕು. ರಸಗೊಬ್ಬರದ ಸಹಾಯಧನ ಬೆಲೆಯಲ್ಲೇ ಕಳೆದು ಬರುತ್ತದೆ. ಅಂಗಡಿಯ ಯಂತ್ರಕ್ಕೆ ಬೇಕಾಗಿರುವುದು ಹೆಬ್ಬೆರಳು, ಪಹಣಿಯಲ್ಲ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ರಾಜ್ಯ ಸರ್ಕಾರ ಇದಕ್ಕಾಗಿ ವಿದ್ಯುತ್ ಕಂಪನಿಗಳಿಗೆ ವರ್ಷಕ್ಕೆ 10,000 ಕೋಟಿಗೂ ಹೆಚ್ಚು ಕಟ್ಟಿಕೊಡುತ್ತದೆ. ಆ ಬಾವಿಯ ನೀರಲ್ಲಿ ಬೆಳೆದವನು ಗುತ್ತಿಗೆದಾರನಾದರೆ ಫಲ ಅವನಿಗೂ ಮುಟ್ಟುತ್ತದೆ, ಒಡೆಯ ಬಾವಿಯ ಬಾಬ್ತನ್ನೂ ಗುತ್ತಿಗೆಯಲ್ಲಿ ಸೇರಿಸಿ ಕೇಳುತ್ತಾನೆ ಎನ್ನುವುದು ಬೇರೆ ಮಾತು.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿರುವುದು ಹಾಲಿನ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಶುರುವಾಗಿ, 2013ರಲ್ಲಿ 4, 2016ರಲ್ಲಿ 5 ಆಯಿತು. ಯಲಹಂಕದ ಮದರ್ ಡೇರಿಯನ್ನು ಎಲ್ಲರೂ ಬಲ್ಲರು. ಅದರ ಹಿಂದೆ ಊರೂರಿನ ಹಾಲು ಉತ್ಪಾದಕರ ಸಂಘಗಳಿವೆ, ಅಲ್ಲಿ ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ನಿಲ್ಲುವವರಲ್ಲಿ ಹೆಂಗಸರೇ ಬಹಳ. ಡೇರಿಗೆ ಹಾಲು ಹಾಕುವವರನ್ನು ಯಾರೂ ಪಹಣಿ ಕೇಳುವುದಿಲ್ಲ. ಕೇಳುವುದು ಡಿಗ್ರಿ, ಫ್ಯಾಟು. ವರ್ಷಪೂರ್ತಿ ಸರಾಸರಿ ದಿನಕ್ಕೆ 10 ಲೀಟರ್ ಹಾಕುವ ಮನೆ ಎಂದುಕೊಳ್ಳಿ. ವರ್ಷಕ್ಕೆ 3,650 ಲೀಟರ್, ಪ್ರೋತ್ಸಾಹಧನ 18,250 ರೂಪಾಯಿ. ಪಿಎಂ ಕಿಸಾನ್ ಹಣದ ಮೂರು ಪಟ್ಟಿಗಿಂತ ಜಾಸ್ತಿ. ಒಂದು ಗುಂಟೆ ನೆಲವಿಲ್ಲದೆ ಬದುವಿನ ಹುಲ್ಲು, ಸೀಮೆಹುಲ್ಲು ಕೊಯ್ದು ತಂದು ಎರಡು ಹಸು ಸಾಕುವ ಹೆಂಗಸಿಗೂ ಈ ಹಣ ಅವಳ ಖಾತೆಗೇ ಹೋಗುತ್ತದೆ. ದುಡಿದವರ ಲೆಕ್ಕ ಇಟ್ಟು ದುಡಿದವರಿಗೇ ಕೊಡುವುದು ಸಾಧ್ಯ ಎಂದು ಹಾಲಿನ ಸಂಘ ದಿನಾ ತೋರಿಸಿಕೊಡುತ್ತಿದೆ. ಇದರ ಕೊರತೆ ಒಂದೇ. ಹಾಲಿನ ಬಟವಾಡೆ ತಪ್ಪದೆ ಬಂದರೂ ಸರ್ಕಾರದ ಈ 5 ರೂಪಾಯಿ ತಿಂಗಳುಗಟ್ಟಲೆ ಬಾಕಿ ಬೀಳುತ್ತದೆ. ಹಿಂಡಿ ಅಂಗಡಿಯವನು ಹಾಗೆ ಬಾಕಿ ನಿಲ್ಲಲು ಬಿಡುವುದಿಲ್ಲ.

ಹಣ ಕಾಗದದ ಬೆನ್ನು ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಒಂದು ಪಾಠ ಸಿಗುತ್ತದೆ. ಅಲ್ಲಿ ಜಮೀನಿನ ಹಳೆಯ ಬೆಳೆ ದಾಖಲೆಯ ಆಧಾರದಲ್ಲಿ ನೇರ ಹಣ ಕೊಡುವ ಯೋಜನೆ ಇತ್ತು. 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅದರ ಲೆಕ್ಕ ಬಗೆದು ನೋಡಿತು. 2000ದಿಂದ ಈಚೆಗೆ ಬೇಸಾಯವನ್ನೇ ಮಾಡದವರಿಗೆ 130 ಕೋಟಿ ಡಾಲರ್ ಹೋಗಿತ್ತು. ಟೆಕ್ಸಾಸ್‌ನ ಎಲ್ ಕ್ಯಾಂಪೊ ಊರಿನ ಹತ್ತಿರ ಹಿಂದೆ ಭತ್ತದ ಗದ್ದೆಗಳಿದ್ದ ಕಡೆ ಮನೆ ಕಟ್ಟಿಕೊಂಡವರು, ತಮ್ಮ ಹಿತ್ತಿಲಿಗೆ ಭತ್ತದ ಸಹಾಯಧನ ಪಡೆಯುತ್ತಿದ್ದರು. ಕೇಳದೆ ಬಂದ ಹಣ, ಕಾನೂನಿಗೆ ಸರಿಯಾಗಿಯೇ ಬಂದ ಹಣ. 2014ರ ಕೃಷಿ ಕಾಯ್ದೆಯಲ್ಲಿ ಆ ನೇರ ಪಾವತಿಯನ್ನು ನಿಲ್ಲಿಸಿದರು. ಬೆಂಗಳೂರಿನ ಮಠದಹಳ್ಳಿಯ ನೆಲದಲ್ಲಿ ಆರ್.ಟಿ. ನಗರ ಎದ್ದಂತೆ ಹೊಲದ ಮೇಲೆ ಊರು ಬೆಳೆಯುವ ಕಡೆಗಳಿಗೆಲ್ಲ ಇದು ಎಚ್ಚರಿಕೆ. ನಮ್ಮಲ್ಲಿ ಭೂ ಪರಿವರ್ತನೆಯಾದ ಜಮೀನು ಸಹಾಯಧನದ ಲೆಕ್ಕದಿಂದ ಹೊರಗೆ ಹೋಗಬೇಕು. ಪರಿವರ್ತನೆ ಮಾಡಿಸದೆ ರೆವಿನ್ಯೂ ಸೈಟು ಹಾಕಿ ಮಾರಿದ ನೆಲದ ಪಹಣಿ ಮಾತ್ರ ಇನ್ನೂ ಹೊಲವೆಂದೇ ಹೇಳುತ್ತಿರುತ್ತದೆ.

ತೆಲಂಗಾಣ 2018ರಲ್ಲಿ ರೈತಬಂಧು ತಂದಾಗಲೂ ಇದೇ ಆಯಿತು. ಎಕರೆಗೆ ಹಂಗಾಮಿಗೆ 4,000 ಎಂದು ಶುರುವಾದ ಹಣ ಒಡೆಯರಿಗೇ ಹೋಯಿತು, ಗೇಣಿದಾರರು ಹೊರಗುಳಿದರು. ಅದೇ ವರ್ಷದ ಕೊನೆಗೆ ಒಡಿಶಾ ತಂದ ಕಾಲಿಯಾ ಯೋಜನೆ ಪಾಲಿಗೆ ಮಾಡುವವರನ್ನೂ ಭೂಮಿಯಿಲ್ಲದ ಕೂಲಿಕಾರರನ್ನೂ ಸೇರಿಸಿಕೊಂಡಿತು.

ಅಷ್ಟು ದೂರ ಹೋಗಬೇಕಾಗಿಲ್ಲ. ಯಲಹಂಕದಿಂದ ಅದೇ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಗೌರಿಬಿದನೂರು ದಾಟಿದರೆ ಹಿಂದೂಪುರ, ಆಂಧ್ರಪ್ರದೇಶ. ಆ ರಾಜ್ಯ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾಯ್ದೆ ಮಾಡಿತು. ಒಡೆಯ ಒಪ್ಪಿ ಸಹಿ ಹಾಕಿದರೆ ಗುತ್ತಿಗೆ ರೈತನಿಗೆ 11 ತಿಂಗಳ ಕಾರ್ಡು ಸಿಗುತ್ತದೆ. ಅದರಿಂದ ಬೆಳೆ ಸಾಲ, ವಿಮೆ, ಬೆಳೆ ನಷ್ಟ ಪರಿಹಾರ ಕೇಳಬಹುದು. ಜಮೀನಿನ ಮೇಲೆ ಮಾತ್ರ ಯಾವ ಹಕ್ಕೂ ಹುಟ್ಟುವುದಿಲ್ಲ, ಹಕ್ಕು ಬೆಳೆಗಷ್ಟೇ. ಒಡೆಯರು ಸಹಿ ಹಾಕಲು ಅಲ್ಲೂ ಹಿಂಜರಿಯುತ್ತಾರೆ. ಹಾಗಿದ್ದರೂ ಉಳುವವನಿಗೆ ತೋರಿಸಲು ಒಂದು ಕಾಗದ ಇದೆ ಎಂಬುದೇ ದೊಡ್ಡ ಅಂತರ.

ಕರ್ನಾಟಕಕ್ಕೆ ಇದು ಇನ್ನೂ ಸುಲಭವಾಗಬೇಕು, ಏಕೆಂದರೆ ಬೇಕಾದ ಸಲಕರಣೆ ಆಗಲೇ ಕೈಯಲ್ಲಿದೆ. ಬೆಳೆ ಸಮೀಕ್ಷೆ ಆ್ಯಪ್ ಹಿಡಿದು ಪ್ರತಿ ಹಂಗಾಮಿನಲ್ಲೂ ಪಿಆರ್‌ಗಳು, ಅಂದರೆ ಊರಿನ ಖಾಸಗಿ ನಿವಾಸಿಗಳು, ಸರ್ವೆ ನಂಬರ್ ಒಳಗೆ ಹೋಗಿ ಬೆಳೆಯ ಫೋಟೊ ತೆಗೆಯುತ್ತಾರೆ. 2020ರಿಂದ ರೈತರೇ ತಮ್ಮ ಮೊಬೈಲಿನಲ್ಲಿ ತೆಗೆದು ಹಾಕಬಹುದು. ‘ನನ್ನ ಬೆಳೆ ನನ್ನ ಹಕ್ಕು’ ಎಂಬುದು ಆಗ ಇಲಾಖೆ ಕೊಟ್ಟ ಘೋಷಣೆ. ಪರಿಹಾರ, ವಿಮೆ, ಬೆಂಬಲ ಬೆಲೆಯ ಖರೀದಿ ಮೂರಕ್ಕೂ ಈ ಸಮೀಕ್ಷೆಯೇ ಆಧಾರ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಗುತ್ತಿಗೆಯ ನೆಲದಲ್ಲಿ 20 ಕ್ವಿಂಟಲ್ ಬೆಳೆದವನು ಖರೀದಿ ಕೇಂದ್ರಕ್ಕೆ ಹೋಗಲಾಗದೆ, ಒಡೆಯನ ಎಫ್‌ಐಡಿ ಬೇಡಿ ತರಬೇಕು, ಇಲ್ಲವೇ ದಲ್ಲಾಳಿ ಕೇಳಿದ ಬೆಲೆಗೆ ಕೊಡಬೇಕು. ಬೇಡಿ ತಂದರೂ ಹಣ ಜಮೆಯಾಗುವುದು ಒಡೆಯನ ಖಾತೆಗೆ. ಹೊಲದ ಫೋಟೊ ಸರ್ಕಾರದ ಬಳಿ ಇದೆ, ಬೆಳೆಯ ಹೆಸರಿದೆ, ಅಕ್ಷಾಂಶ ರೇಖಾಂಶ ಇದೆ. ಬೆಳೆದವನು ಯಾರು ಎಂಬ ಒಂದು ಪ್ರಶ್ನೆಗೆ ಮಾತ್ರ ಒಡೆಯನ ಹೆಸರೇ ಉತ್ತರ.

ಸದ್ಯಕ್ಕೆ ಪಹಣಿ ಇರುವವರು ಮಾಡಿಕೊಳ್ಳಬೇಕಾದ ಕೆಲಸಗಳಿವೆ, ಮುಂಗಾರಿಗೆ ಮೊದಲೇ ಮಾಡಿಕೊಂಡರೆ ಒಳ್ಳೆಯದು. ಎಫ್‌ಐಡಿಯಲ್ಲಿ ತಮ್ಮ ಎಲ್ಲ ಸರ್ವೆ ನಂಬರ್‌ಗಳೂ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಬೇಕು. ಎರಡು ಮೂರು ಬ್ಯಾಂಕ್ ಖಾತೆ ಇರುವವರು, ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಬೇಕು, ಹಣ ಹೋಗುವುದು ಅಲ್ಲಿಗೇ. ‘ಕಂತು ಬಂದಿಲ್ಲ’ ಎನ್ನುವ ಎಷ್ಟೋ ದೂರುಗಳಲ್ಲಿ ಹಣ ಮರೆತುಹೋದ ಹಳೆಯ ಖಾತೆಯಲ್ಲಿ ಕೂತಿರುತ್ತದೆ. ಬೆರಳಚ್ಚು ಹತ್ತದ ಹಿರಿಯರಿಗೆ ಮುಖ ತೋರಿಸಿ ಇ-ಕೆವೈಸಿ ಮಾಡುವ ಅನುಕೂಲವನ್ನು ಪಿಎಂ ಕಿಸಾನ್ ಆ್ಯಪ್‌ನಲ್ಲೇ ಕೊಟ್ಟಿದ್ದಾರೆ. ವಿಚಾರಿಸಲು ಸಹಾಯವಾಣಿ 155261.

ಪಹಣಿ ಇಲ್ಲದವರಿಗೆ ಹೀಗೆ ಹೇಳಲು ಸದ್ಯಕ್ಕೆ ಏನೂ ಇಲ್ಲ. ಅವರಿಗಾಗಿ ಕೆಲಸ ಆಗಬೇಕಾಗಿರುವುದು ವಿಧಾನಸೌಧದಲ್ಲಿ. ಒಡೆಯನ ಹಕ್ಕಿಗೆ ಚ್ಯುತಿಯಿಲ್ಲ ಎಂದು ಕಾಯ್ದೆಯಲ್ಲೇ ಸ್ಪಷ್ಟವಾಗಿ ಬರೆದು, ಹಂಗಾಮಿಗೊಮ್ಮೆ ಬೆಳೆ ಸಮೀಕ್ಷೆಯ ಹೊತ್ತಿನಲ್ಲೇ ಉಳುವವನ ಹೆಸರನ್ನು ದಾಖಲಿಸಬೇಕು. ಮೊದಲ ಹೆಜ್ಜೆಗೆ ಬೆಳೆ ನಷ್ಟ ಪರಿಹಾರ ಮತ್ತು ಬೆಂಬಲ ಬೆಲೆ ಎರಡನ್ನಾದರೂ ಆ ಹೆಸರಿಗೆ ಜೋಡಿಸಬೇಕು. ಪಹಣಿಗೆ ಆಧಾರ್ ಜೋಡಿಸಲು ಊರೂರು ಸುತ್ತಿದ ಕಂದಾಯ ಇಲಾಖೆಗೆ ಇದು ಆಗದ ಕೆಲಸವಲ್ಲ. ಮುಂದಿನ ಬರಗಾಲ ಬರುವ ಮೊದಲು ಕಂದಾಯ ಮತ್ತು ಕೃಷಿ ಸಚಿವರು ಒಟ್ಟಿಗೆ ಕೂತು ಇದನ್ನು ತೀರ್ಮಾನಿಸಲಿ.